ಗುರುಪಾದಪ್ಪನ ಅರ್ಧ ಕತೆ

ಕಲ್ಲಪ್ಪನ ಎಮ್ಮೆ ಕಳೆದುಹೋದಾಗ ಅವನು ಕೂಗುಗಲ್ಲಿನ ಮೇಲೆ ನಿಂತು ಗಂಟಲು ಹರಿಯುವಂತೆ ಕರೆದ. ಎಮ್ಮೆ ಸಂಜೆಯೊಳಗೆ ತಾನಾಗಿಯೇ ಮನೆಗೆ ಬಂತು. ಮುಂದಿನ ವರ್ಷ ಅದೇ ದಿನ, ಅದೇ ಹೊತ್ತಿಗೆ ಗುಡ್ಡ ಕಲ್ಲಪ್ಪನ ದನಿಯಲ್ಲಿ "ಬಾರವ್ವಾ ಗೌರೀ" ಎಂದು ಕರೆಯಿತು. ಕೊಟ್ಟಿಗೆಯಲ್ಲಿ ಸುಮ್ಮನೆ ಮೆಲುಕು ಹಾಕುತ್ತಿದ್ದ ಅದೇ ಎಮ್ಮೆ ಹಗ್ಗ ಹರಿದುಕೊಂಡು ಗುಡ್ಡ ಹತ್ತಿಬಿಟ್ಟಿತು. ಅದನ್ನು ಇಳಿಸಿ ತರುವಷ್ಟರಲ್ಲಿ ಕಲ್ಲಪ್ಪ ಅರ್ಧ ಬಡವಾದ. ಆ ಕಲ್ಲಿನ ಮೇಲೆ ನಿಂತು ದನ ಕರೆಯಬಾರದೆಂಬ ಬುದ್ಧಿ ಅವನಿಗೇನೋ ಬಂತು, ಎಮ್ಮೆಗೆ ಬಂತೋ ಇಲ್ಲವೋ ನನಗೆ ತಿಳಿಯದು.

ನಮ್ಮ ಗುಡ್ಡ ಹಾಗೆ. ಅದರ ಎದುರಿಗೆ, ಪೇಟೆ ಮುಗಿಯುವಲ್ಲಿ, ನಾಲ್ಕು ಜನ ಕುಳಿತು ಉಣ್ಣುವಷ್ಟು ಅಗಲದ ಒಂದು ಚಪ್ಪಟೆ ಕಲ್ಲಿದೆ, ಅದೇ ಕೂಗುಗಲ್ಲು. ಅದರ ಮೇಲೆ ನಿಂತು ಗುಡ್ಡದ ಕಡೆ ಮುಖ ಮಾಡಿ ಏನಾದರೂ ಕೂಗಿದರೆ, ಬೇರೆ ಊರಿನ ಗುಡ್ಡಗಳ ಹಾಗೆ ಅದು ಒಡನೆ ತಿರುಗಿ ಒದರುವುದಿಲ್ಲ. ಒಂದು ವರ್ಷ ಒಳಗೆ ಇಟ್ಟುಕೊಳ್ಳುತ್ತದೆ. ಮರುವರ್ಷ ಅದೇ ತಾರೀಖು, ಅದೇ ಗಳಿಗೆಗೆ ಹೊರಗೆ ಬಿಡುತ್ತದೆ. ಕಲ್ಲಿನ ಕೆಳಗೆ ನಿಂತವರು ಎಷ್ಟು ಗದ್ದಲ ಮಾಡಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ, ಮೇಲೆ ನಿಂತವರ ದನಿಯೊಂದೇ ಅದಕ್ಕೆ ಬೇಕು. ಬಂದ ಮಾತಿಗೆ ಕೂಗಿದವರು ಓಗೊಡಬೇಕು, ಇಲ್ಲವೇ ಕೂಗಿಸಿಕೊಂಡವರು. ಕೂಗಿದವರು ಸತ್ತಿದ್ದರೆ ಅವರ ಮನೆಯವರು. ಓಗೊಟ್ಟರೆ ಅಲ್ಲಿಗೆ ಮುಗಿಯಿತು, ಆ ಮಾತು ಇನ್ನೊಮ್ಮೆ ಬರುವುದಿಲ್ಲ. ಓಗೊಟ್ಟ ಮಾತನ್ನೂ ಅದು ಇಟ್ಟುಕೊಳ್ಳುವುದಿಲ್ಲ, ಗುಡ್ಡಕ್ಕೂ ಅಷ್ಟು ತಿಳಿವಳಿಕೆ ಇದೆ. ಯಾರೂ ಓಗೊಡದಿದ್ದರೆ ಮಾತ್ರ ಆ ಕೂಗು ವರ್ಷ ವರ್ಷವೂ ಬರುತ್ತಲೇ ಇರುತ್ತದೆ.

ಹೀಗಾಗಿ ನಮ್ಮೂರಲ್ಲಿ ಜಗಳವಾಡುವವರು ಎಷ್ಟೇ ಸಿಟ್ಟಿದ್ದರೂ ಕಲ್ಲಿನಿಂದ ಕೆಳಗಿಳಿದು ಬಂದು ಬೈದಾಡುತ್ತಾರೆ. ಮರೆತು ಮೇಲೆಯೇ ನಿಂತು ಬೈದವರು ಮರುವರ್ಷ ಊರೆಲ್ಲ ಕೇಳುವಂತೆ ತಮ್ಮ ಬೈಗುಳವನ್ನು ತಾವೇ ಕೇಳಿಸಿಕೊಂಡು "ತಪ್ಪಾತು" ಎನ್ನಬೇಕು. ಈ ಊರಿಗೆ ಸೊಸೆಯಾಗಿ ಬಂದವರಿಗೆ ಅತ್ತೆಯಂದಿರು ಹೇಳಿಕೊಡುವ ಮೊದಲ ಮಾತು ಇದು. ನನಗೂ ನನ್ನ ಅತ್ತೆ ಇದನ್ನೇ ಹೇಳಿಕೊಟ್ಟಿದ್ದಳು, ಆಮೇಲೆ ಅಡಿಗೆಮನೆ ತೋರಿಸಿದಳು.

ನಾನು ಸಕೂಬಾಯಿ. ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎದುರಿಗೆ ನೀಲಗಂಗವ್ವ ಮತ್ತು ಗುರುಪಾದಪ್ಪನ ಚಹಾ-ಭಜಿ ಅಂಗಡಿ. ಮೂವತ್ತು ವರ್ಷ ಮಶೀನು ತುಳಿಯುತ್ತ ನಾನು ನೋಡಿದ್ದು ಆ ಗಂಡ ಹೆಂಡಿರನ್ನೇ. ನೀಲವ್ವ ಒಲೆಯ ಮುಂದೆ, ಗುರುಪಾದಪ್ಪ ಬಾಗಿಲ ಮುಂದೆ. ಅವಳ ಭಜಿಗೆ ಬಂದವರು ಅವನ ಮಾತಿಗೆ ಕೂರುತ್ತಿದ್ದರು, ಅವನ ಮಾತಿಗೆ ಬಂದವರು ಅವಳ ಭಜಿ ತಿನ್ನುತ್ತಿದ್ದರು. ನಗಿಸುವುದೆಲ್ಲ ಅವನ ಪಾಲಿಗೆ. ನೀಲವ್ವ ನಗೆಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಗಂಡ ಹೇಳಿದ್ದಕ್ಕೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅವಳು ಹಿಟ್ಟು ಕಲಸುತ್ತ "ಮೆಣಸಿನಕಾಯಿ ಸೀಳಾಕ ಬರ್ರಿ" ಎಂದು ಅವನನ್ನು ಕರೆಯುವವಳು.

ಸಂಕ್ರಾಂತಿಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಗುಡ್ಡದ ಬುಡಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಮ್ಮ ಹಬ್ಬಗಳಲ್ಲಿ ತಾರೀಖು ಬಿಟ್ಟು ಅತ್ತಿತ್ತ ಓಡಾಡದ ಹಬ್ಬ ಅದೊಂದೇ, ಗುಡ್ಡಕ್ಕೂ ಅನುಕೂಲ. ಊಟವಾದ ಮೇಲೆ ಗುರುಪಾದಪ್ಪ ಕಲ್ಲು ಹತ್ತಿ ಗುಡ್ಡಕ್ಕೆ ಒಂದು ಕತೆ ಹೇಳುತ್ತಿದ್ದ, ಆದರೆ ಅರ್ಧ ಮಾತ್ರ. ಮರುವರ್ಷ ಗುಡ್ಡ ಆ ಅರ್ಧವನ್ನು ಅವನ ದನಿಯಲ್ಲೇ ಹೇಳುವಾಗ ಅವನು ಕೈಕಟ್ಟಿ ನಿಂತು ನಮ್ಮ ಜೊತೆ ಕೇಳುತ್ತಿದ್ದ. ಅದು ಮುಗಿದೊಡನೆ ಉಳಿದ ಅರ್ಧವನ್ನು ಹೇಳಿ ಓಗೊಡುತ್ತಿದ್ದ. ಒಂದು ಸಲ ಗುಡ್ಡ "ಜಿಪುಣ ಸಾವಕಾರನ ಮನಿಗೆ ಬೀಗರು ಬಂದು ತಿಂಗಳಾದ್ರೂ ಹೋಗಲಿಲ್ಲ, ಸಾವಕಾರ ಏನ್ ಮಾಡಿದಾ?" ಎಂದಿತು. ಗುರುಪಾದಪ್ಪ "ತಾನ ಬೀಗರ ಮನಿಗೆ ಹೋಗಿ ಕುಂತಾ" ಎಂದ. ಇದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ಒಂದು ವರ್ಷ ಕಾದು ಕೇಳಿ ನೋಡಿ, ಆಗ ತಿಳಿಯುತ್ತದೆ.

ಹೋದ ವರ್ಷದ ಸಂಕ್ರಾಂತಿಯಲ್ಲಿ ಅವನು ಗುಡ್ಡಕ್ಕೆ ಕೊಟ್ಟ ಅರ್ಧ ಕತೆ ಇದು: "ಒಬ್ಬ ಭಜಿ ಮಾರಾಂವ ಸತ್ತು ಯಮನ ಮುಂದ ಹೋಗಿ ನಿಂತಾ! ಯಮ ಅವನ್ನ ಮ್ಯಾಲಿಂದ ಕೆಳಗ ನೋಡಿ ಕೇಳಿದಾ, ಅಲ್ಲೋ, ಹೇಣ್ತಿಗೆ ಹೇಳಿ ಬಂದಿ ಏನು? ಅದಕ್ಕ ಭಜಿಯಾಂವ ಏನಂದಾ?" ನಾವೆಲ್ಲ ಕೆಳಗೆ ನಿಂತು, ಹೇಳಲೇಬೇಕೆಂದು ಹೋ ಎಂದು ಎಷ್ಟೋ ಹೊತ್ತು ಗದ್ದಲ ಎಬ್ಬಿಸಿದೆವು. ಅವನು ಹೇಳಲಿಲ್ಲ. ಮನೆಗೆ ಹೋದ ಮೇಲೆ ನೀಲವ್ವನೂ ಕೇಳಿದಳಂತೆ. ಅವಳಿಗೂ ಹೇಳಲಿಲ್ಲ.

ಹೋಳಿಯ ಮರುದಿನ ಗುರುಪಾದಪ್ಪ ತೀರಿಕೊಂಡ. ಮೆಣಸಿನಕಾಯಿ ತರುವುದಕ್ಕೆಂದು ಹೊರಟವನು "ಬರ್ತೀನಿ ನೀಲಾ" ಎಂದು ಹೇಳಿ ಬಸ್ ನಿಲ್ದಾಣಕ್ಕೆ ಹೋಗಿ ಕುಳಿತ. ಪಕ್ಕದಲ್ಲಿದ್ದ ಪರವೂರಿನವನೊಬ್ಬನಿಗೆ ಏನೋ ಕತೆ ಶುರು ಮಾಡಿದ, ನಡುವೆ ಸುಮ್ಮನಾದ. ಇವನು ಹೀಗೆಯೇ ನಿಲ್ಲಿಸಿ ಕಾಯಿಸುವವನು ಎಂದು ಆ ಮನುಷ್ಯ ಯಾರಿಂದಲೋ ಕೇಳಿದ್ದನಂತೆ. ಮುಂದಿನದನ್ನು ಹೇಳಲಿ ಎಂದು ಪೂರಾ ಕಾಲು ಗಂಟೆ ಕಾದು ಕುಳಿತಿದ್ದ. ಇದನ್ನು ಅವನು ಮಣ್ಣು ಮಾಡಿದ ದಿನ ಬಂದು ನೀಲವ್ವನಿಗೆ ಹೇಳುವಾಗ ಅಳುತ್ತಿದ್ದ, ಕೇಳುತ್ತಿದ್ದ ನಮಗೆ ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ದೇವರು ನನ್ನನ್ನು ಕ್ಷಮಿಸಲಿ.

ದಿನಕರ್ಮ ಮುಗಿದ ಮೇಲೆ ನೀಲವ್ವ ಅಂಗಡಿ ತೆರೆದಳು. ಜನರಿಗೆ ಬೆನ್ನು ಮಾಡಿ ಭಜಿ ಕರಿಯುತ್ತಿದ್ದಳು. ಬಂದವರು ಮಠದಲ್ಲಿ ಕುಳಿತವರ ಹಾಗೆ ತಲೆ ತಗ್ಗಿಸಿ ತಿನ್ನುತ್ತಿದ್ದರು. ಎದುರಿನ ನನ್ನ ಅಂಗಡಿಗೆ ಅವರು ಭಜಿ ಅಗಿಯುವ ಸಪ್ಪಳ ಕೇಳುತ್ತಿತ್ತು, ಅಷ್ಟು ಮೌನ. ಒಂದು ದಿನ ಕ್ಷೌರದ ನಾಗೇಂದ್ರನಿಗೆ ತಡೆಯಲಾಗಲಿಲ್ಲ. ಬಾಯಲ್ಲಿ ಭಜಿ ಇಟ್ಟುಕೊಂಡೇ, "ಹೇಳಿದ್ದೆ ಯಮಪ್ಪಾ, ಆದ್ರ ಎಣ್ಣಿ ಚುರ್ ಅನ್ನೂದರಾಗ ಆಕಿಗೆ ಕೇಳಸಲಿಲ್ಲ" ಎಂದ. ಕೂತವರೆಲ್ಲ ಹೆದರಿ ಅವನನ್ನು ನೋಡಿದರು. ನೀಲವ್ವ ತಿರುಗಿದಳು.

"ಅಲ್ಲ," ಎಂದಳು. "ಅವರು ಹಂಗ ಅಂತಿದ್ದಿಲ್ಲ."

ಗಂಡ ಸತ್ತ ಮೇಲೆ ಅವಳು ಗಿರಾಕಿಗಳ ಜೊತೆ ಆಡಿದ ಮೊದಲ ಮಾತು ಅದು. ಅಂದಿನಿಂದ ಊರಿಗೆ ಒಂದು ದಾರಿ ಸಿಕ್ಕಂತಾಯಿತು. ಭಜಿ ತಿನ್ನಲು ಬಂದವರೆಲ್ಲ ಯಮನಿಗೆ ಒಂದೊಂದು ಉತ್ತರ ತರತೊಡಗಿದರು. ಆಕೆಗೆ ಹೇಳಲು ಹೆದರಿ ನಿನ್ನ ಹತ್ತಿರ ಓಡಿ ಬಂದೆ ಎಂದು ಒಬ್ಬ. ಹೇಳಿದರೆ ಬರುವಾಗ ಏನೇನು ತರಬೇಕೆಂದು ಪಟ್ಟಿ ಕೊಡುತ್ತಿದ್ದಳು ಎಂದು ಇನ್ನೊಬ್ಬ. ನಿವೃತ್ತ ದತ್ತೋಪಂತ ಮಾಸ್ತರರು ಕನ್ನಡಕ ಏರಿಸಿ, ಹೆಂಡತಿ ಯಾರು, ಗಂಡ ಯಾರು, ಎಲ್ಲ ಮಾಯೆ ಎಂದು ಭಜಿಯವನಿಂದ ಹೇಳಿಸಿದರು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಸಹ ಎದ್ದು ಹೋಯಿತು. ನೀಲವ್ವ ಎಣ್ಣೆಯಿಂದ ಭಜಿ ತೆಗೆಯುವ ಝಾರಿಯನ್ನು ಎತ್ತಿ ಹಿಡಿದು ಪ್ರತಿಯೊಂದನ್ನೂ ಪೂರ್ತಿ ಕೇಳುತ್ತಿದ್ದಳು. "ಅಲ್ಲ," ಎನ್ನುತ್ತಿದ್ದಳು. ಅವಳ ಮುಖ ಮಾತ್ರ ದಿನದಿನಕ್ಕೆ ಸ್ವಲ್ಪ ಸ್ವಲ್ಪ ನಮ್ಮ ಕಡೆ ತಿರುಗುತ್ತಿತ್ತು.

ಹಾಗೆಂದು ಎಲ್ಲ ದಿನವೂ ಒಂದೇ ತರ ಇರಲಿಲ್ಲ. ಇನ್ನೊಂದು ದಿನ ನಾಗೇಂದ್ರ, "ಆಕಿಗೆ ಹೇಳಿದ್ರ ತಾನೂ ಬರ್ತೀನಿ ಅಂತ ಗಂಟ ಬೀಳ್ತಿದ್ಲು, ಅದಕ್ಕ ಹೇಳಲಿಲ್ಲ" ಎಂದ. ನೀಲವ್ವ ಝಾರಿ ಬಿಟ್ಟು ಒಳಗೆ ಹೋದಳು. ನಾನು ಮಶೀನು ನಿಲ್ಲಿಸಿ ಓಡಿದೆ. ಕಡಲೆಹಿಟ್ಟಿನ ಡಬ್ಬಿಯ ಮೇಲೆ ಕುಳಿತಿದ್ದಳು.

"ನಾಗ್ಯಾ ಹೇಳಿದ್ದು ಖರೆ ಐತಿ ಸಕೂ. ನನ್ನ ಕೇಳಿದ್ರ ನಾನೂ ಹೋಗ್ತಿದ್ದೆ."

"ನೀನೂ ಹೋಗಿದ್ರ ಒಲಿ ಮ್ಯಾಲಿನ ಎಣ್ಣಿ ಯಾರ ನೋಡ್ತಿದ್ರು? ಈಗ ಅದು ಹೊಗಿ ಆಡಾಕ್ಹತ್ತೇತಿ, ಏಳ," ಎಂದೆ. ಸಮಾಧಾನ ಹೇಳುವುದು ನನಗೆ ಮೊದಲಿಂದಲೂ ಬರುವುದಿಲ್ಲ. ಅವಳು ಎದ್ದು ಬಂದು ಎಣ್ಣೆ ಇಳಿಸಿದಳು, ನಾಗೇಂದ್ರನಿಗೆ ಇನ್ನೆರಡು ಭಜಿ ಹಾಕಿದಳು. ಅವನು ಅವನ್ನು ಮುಟ್ಟದೆ "ತಪ್ಪಾತು ಅಕ್ಕಾರ" ಎಂದು ಎದ್ದು ಹೋದ.

ಮಳೆಗಾಲದ ನಡುವೆ ಒಂದು ಮಧ್ಯಾಹ್ನ ಅದಾಯಿತು. ನಾನು ಯಾರದೋ ಜಂಪರಿಗೆ ಗುಂಡಿಯ ಕಾಜಾ ಹಾಕುತ್ತಿದ್ದೆ. ಗುಡ್ಡದ ಕಡೆಯಿಂದ ಗುರುಪಾದಪ್ಪನ ದನಿ ಬಂತು: "ನೀಲಾ! ಮೂರು ಚಹಾ ಕಳಿಸ!"

ಸತ್ತವರ ದನಿ ಗುಡ್ಡದಿಂದ ಬರುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದವಳಲ್ಲ, ಮದುವೆಯಾಗಿ ಬಂದ ಮೇಲೆ ಕೇಳಿದವಳು. ಎಷ್ಟು ಸಲ ಕೇಳಿದರೂ ಮೈಮೇಲಿನ ಕೂದಲು ನಿಲ್ಲುತ್ತದೆ. ಅದು ದೂರದಿಂದ ಬಂದಂತೆ ಇರುವುದಿಲ್ಲ. ಗುಡ್ಡದ ಒಳಗೆ ಒಬ್ಬ ಮನುಷ್ಯ ಆರಾಮಾಗಿ ನಿಂತಿದ್ದಾನೆ, ಅವನಿಗೆ ನಿಜವಾಗಿಯೂ ಚಹಾ ಬೇಕಾಗಿದೆ, ಹಾಗೆ ಇರುತ್ತದೆ. ಪೇಟೆಗೆ ಪೇಟೆಯೇ ತಕ್ಕಡಿ, ಕತ್ತರಿ, ಮೊರ ಹಿಡಿದ ಕೈಯಲ್ಲೇ ನಿಂತುಬಿಟ್ಟಿತು. ಹಿಂದಿನ ವರ್ಷ ಅದೇ ದಿನ ಕರೆಂಟಿನ ತಂತಿ ಹಾಕಲು ಬಂದಿದ್ದ ಇಬ್ಬರನ್ನು ಅವನು ಕಲ್ಲಿನ ಮೇಲೆ ಕೂರಿಸಿಕೊಂಡು ಹರಟುತ್ತಿದ್ದುದು, ಗುಡ್ಡದ ಕಡೆಯಿಂದ ಮುಖ ತಿರುಗಿಸದೆ ಅಲ್ಲಿಂದಲೇ ಚಹಾ ಕೂಗಿದ್ದು ನನಗೆ ಆಗ ನೆನಪಾಯಿತು.

ನೀಲವ್ವನಿಗೆ ಅದೇನೂ ನೆನಪಾಗಲಿಲ್ಲ. ಮೂವತ್ತೊಂದು ವರ್ಷದ ರೂಢಿ. "ತಂದೇ, ಒಂದೀಟು ತಡೀರಿ!" ಎಂದು ಒಳಗಿನಿಂದಲೇ ಒದರಿ, ಚಹಾ ಸೋಸಿ, ಮೂರು ಗ್ಲಾಸು ತಟ್ಟೆಯಲ್ಲಿಟ್ಟುಕೊಂಡು, ಸೆರಗು ಸಿಗಿಸಿಕೊಂಡು ಹೊರಟೇಬಿಟ್ಟಳು. ಪೇಟೆ ಬಾಯಿ ತೆರೆದು ನೋಡುತ್ತಿತ್ತು. ನಾನು ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆ ಓಡಿದೆ. ಕಲ್ಲಿನ ಹತ್ತಿರ ಹೋಗಿ, ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಅವಳು ನಿಂತಳು. ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು.

"ಓಗೊಟ್ಟೆನೇ ಸಕೂ," ಎಂದಳು. "ಅವರ ಕೂಗು ಅಂತ ಗೊತ್ತಾಗೂಕಿನ ಮೊದಲ ಓಗೊಟ್ಟಬಿಟ್ಟೆ. ಸುಮ್ಮನಿದ್ದಿದ್ರ ವರ್ಷಾ ವರ್ಷಾ ಚಹಾ ಕೇಳ್ತಿದ್ರು."

ಇಬ್ಬರೂ ಕಲ್ಲಿನ ಬುಡದಲ್ಲಿ ಕುಳಿತೆವು. ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಒಂದು ಚಹಾ ಅವಳು ಕುಡಿದಳು, ಒಂದು ನಾನು ಕುಡಿದೆ. ಮೂರನೆಯದನ್ನೂ ನಾನೇ ಕುಡಿದೆ. ಚಹಾ ಚೆಲ್ಲಿದರೆ ನೀಲವ್ವ ಅಂಥ ದುಃಖದಲ್ಲೂ ಬೈಯುವವಳೇ.

ಇನ್ನು ಉಳಿದಿದ್ದು ಅವನದು ಒಂದೇ ಕೂಗು, ಸಂಕ್ರಾಂತಿಯದು. ಆ ದಿನದಿಂದ ನೀಲವ್ವ ಯಾರ ಉತ್ತರವನ್ನೂ ಕೇಳಲೊಲ್ಲಳಾದಳು. ಯಾರಾದರೂ ಯಮನ ಹೆಸರೆತ್ತಿದರೆ "ಭಜಿ ತಿಂದು ಏಳ್ರಿ" ಎನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿದೆಯೆಂದು ಮೊದಲು ಕಂಡುಕೊಂಡವಳು ನಾನೇ. ಸಂಕ್ರಾಂತಿಯಲ್ಲಿ ಗುಡ್ಡ ಕತೆ ಹೇಳುತ್ತದೆ, ಇವಳು ಬಾಯಿ ಬಿಡುವುದಿಲ್ಲ, ಕತೆ ಅರ್ಧಕ್ಕೇ ನಿಲ್ಲುತ್ತದೆ. ಅದರ ಮುಂದಿನ ವರ್ಷ ಮತ್ತೆ ಬರುತ್ತದೆ, ಅದರ ಮುಂದಿನ ವರ್ಷವೂ. ಇವಳು ಬದುಕಿರುವವರೆಗೆ ವರ್ಷಕ್ಕೊಂದು ಸಲ ಗಂಡನ ದನಿ ಇವಳದು.

ಊರಿಗೂ ಸುದ್ದಿ ಹೋಯಿತು. ಊರು ಸಿಟ್ಟಾಯಿತು. ಗುರುಪಾದಪ್ಪನ ಕತೆ ಅರ್ಧಕ್ಕೆ ನಿಲ್ಲುವುದೆಂದರೇನು? ಕಡೆಗೆ ಹಿರಿಯರಾದ ವಿರೂಪಾಕ್ಷಗೌಡರು ಅಂಗಡಿಗೆ ಬಂದು, ಬೆಂಚಿನ ಮೇಲೆ ಕುಳಿತು, ಭಜಿ ತರಿಸಿಕೊಂಡು, ಆಮೇಲೆ ಮಾತು ತೆಗೆದರು.

"ತಂಗೀ, ಆಂವ ಊರಿಗೆ ಹೇಳಿದ ಕತಿ ಅದು. ನಿನಗ ಒಬ್ಬಾಕಿಗೆ ಹೇಳಿದ್ದಲ್ಲ. ಉಳಿದ ಅರ್ಧ ನಿನಗ ಗೊತ್ತಿದ್ರ ಹೇಳು. ಇಲ್ಲಂದ್ರ ಏನರ ಒಂದು ಅಂದು ಮುಗಿಸು. ಕೂಗಿಗೆ ಓ ಅನ್ನಬೇಕು, ಅದು ಪದ್ಧತಿ."

"ನನಗ ಗೊತ್ತಿಲ್ರೀ ಗೌಡ್ರ. ಗೊತ್ತಿದ್ರೂ ಹೇಳೂದಿಲ್ಲ." ನೀಲವ್ವ ಒಲೆಯ ಉರಿ ಸಣ್ಣ ಮಾಡಿ ಅವರ ಎದುರಿಗೆ ಬಂದು ನಿಂತಳು. "ನಿಮ್ಮ ಮನಿಯಾಗ ನಿಮ್ಮ ಅವ್ವನ ಫೋಟೋ ಐತಿ. ವರ್ಷಕ್ಕೊಮ್ಮೆ ಗ್ವಾಡಿಯಿಂದ ಇಳಿಸಿ ಒರಸಿ, ಹೂವು ಹಾಕಿ, ನೋಡಿ ಮತ್ತ ತೂಗ ಹಾಕ್ತೀರಿ. ನನಗ ವರ್ಷಕ್ಕೊಮ್ಮೆ ಅವರದೊಂದು ಕೂಗು ಇದ್ರ ಊರಿಗೇನು ತ್ರಾಸು?"

ಗೌಡರು ಅರ್ಧ ಭಜಿ ತಟ್ಟೆಯಲ್ಲೇ ಬಿಟ್ಟು ಎದ್ದರು. ನೀಲವ್ವನ ಭಜಿಯನ್ನು ಅರ್ಧಕ್ಕೆ ಬಿಟ್ಟವರನ್ನು ನಾನು ಮೊದಲ ಬಾರಿಗೆ ನೋಡಿದೆ.

ನಾನು ಯಾರ ಪರ ಎಂದು ಕೇಳಿದರೆ ಹೇಳುವುದು ಕಷ್ಟ. ನನ್ನ ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರು ಸದ್ದಿಲ್ಲದ ಮನುಷ್ಯ, ಕಲ್ಲಿನ ಮೇಲೆ ಒಂದು ದಿನವೂ ಹತ್ತಿದವರಲ್ಲ. ಅವರ ದನಿ ಹೇಗಿತ್ತೆಂದು ಈಗ ನೆನೆಸಿಕೊಳ್ಳಲು ಹೋದರೆ ನನ್ನ ಮಶೀನಿನ ಸಪ್ಪಳವೇ ಕೇಳುತ್ತದೆ. ನೀಲವ್ವನಿಗೆ ಹಾಗಾಗುವುದು ಬೇಡ ಎಂದು ಒಂದು ಮನಸ್ಸು. ಒಂದು ಕೂಗಿನ ಮುಂದೆ ವರ್ಷವಿಡೀ ಕುಳಿತುಬಿಡುತ್ತಾಳಲ್ಲ ಎಂದು ಇನ್ನೊಂದು. ಬಾಯಿ ಮುಚ್ಚಿಕೊಂಡ ಕಡೆ ಹೊಲಿಗೆ ಚೆನ್ನಾಗಿ ಬರುತ್ತದೆ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಡಿಸೆಂಬರಿನ ಚಳಿಯಲ್ಲಿ ಒಂದು ಸಂಜೆ ಚಂದ್ರಿಯ ಕೂಗು ಬರುವ ದಿನ ಬಂತು. ಅದು ಎಷ್ಟು ಹಳೆಯದೋ ಯಾರಿಗೂ ಗೊತ್ತಿಲ್ಲ, ಗೌಡರ ಅಜ್ಜನ ಅಜ್ಜನೂ ಕೇಳಿದ್ದನಂತೆ. ದೀಪ ಹಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಗುಡ್ಡದೊಳಗಿನಿಂದ ಕರೆಯುತ್ತಾಳೆ: "ಎಲೇ ಚಂದ್ರೀ, ಹೊತ್ತಾಯಿತು, ಬಾರೇ ಮನೆಗೆ." ಮೂರು ಸಲ. ಮೊದಲ ಸಲ ಸಿಟ್ಟು, ಎರಡನೆಯ ಸಲ ರಮಿಸುವುದು, ಮೂರನೆಯ ಸಲ ದನಿ ಒಡೆಯುತ್ತದೆ. ಚಂದ್ರಿ ಯಾರು, ಬಂದಳೋ ಇಲ್ಲವೋ, ಯಾರಿಗೂ ತಿಳಿಯದು. ಆ ಮನೆತನವೇ ಉಳಿದಿಲ್ಲ. ಕರುಣೆಯಿಂದ ಎಷ್ಟೋ ಹೆಂಗಸರು "ಬಂದ್ನೆವ್ವಾ" ಎಂದು ಕೂಗಿ ನೋಡಿದ್ದಾರೆ, ಗುಡ್ಡ ಒಪ್ಪಿಲ್ಲ, ಮರುವರ್ಷ ಮತ್ತೆ ಕರೆಯುತ್ತದೆ. ಆ ಹೊತ್ತಿನಲ್ಲಿ ನಮ್ಮೂರಿನ ತಾಯಂದಿರು ತಮ್ಮ ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಾರೆ.

ನಾನೂ ನೀಲವ್ವನೂ ಅವಳ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದೆವು. ಪ್ರತಿ ವರ್ಷ ಕೇಳುವ ಕೂಗೇ. ಆದರೆ ಮೂರನೆಯ ಸಲ ಆ ದನಿ ಒಡೆದಾಗ ನೀಲವ್ವ ನನ್ನ ತೋಳು ಹಿಡಿದಳು.

"ಸಕೂ, ಆಕಿ ಇನ್ನೂ ಅಲ್ಲೇ ನಿಂತಾಳಲ್ಲೇ," ಎಂದಳು.

"ಮತ್ತ? ಯಾರೂ ಓ ಅಂದಿಲ್ಲ, ನಿಂತಾಳ."

"ಮನಿಗೂ ಹೋಗಿಲ್ಲ."

ಅಷ್ಟೇ. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಸಂಕ್ರಾಂತಿ ಬಂತು. ಎಂದೂ ಇಲ್ಲದಷ್ಟು ಜನ. ಹೊಲದ ಮನೆಗಳಲ್ಲಿ ಇರುವವರೂ ಬಂದಿದ್ದರು, ಬಾಣಂತಿಯರನ್ನೂ ಕರೆತಂದಿದ್ದರು. ಯಾರಿಗೂ ಊಟ ಸೇರಲಿಲ್ಲ. ಎಣ್ಣೆಗಾಯಿ ಮಾಡಿದವರು ಉಪ್ಪು ಹಾಕಿದ್ದರೋ ಇಲ್ಲವೋ ಯಾರೂ ಗಮನಿಸಲಿಲ್ಲ. ನೀಲವ್ವ ಕಲ್ಲಿಗೆ ಸ್ವಲ್ಪ ದೂರದಲ್ಲಿ ಕುಳಿತು ಮಡಿಲಲ್ಲಿ ಕೈ ಇಟ್ಟುಕೊಂಡಿದ್ದಳು. ಗೌಡರು ಅವಳನ್ನು ಒಮ್ಮೆ ನೋಡಿ ಮುಂದೆ ಹೋದರು. ಹೊತ್ತು ನೆತ್ತಿಯಿಂದ ಜಾರುತ್ತಿದ್ದಂತೆ ಒಬ್ಬೊಬ್ಬರಾಗಿ ಎದ್ದು ಕಲ್ಲಿನ ಸುತ್ತ ನಿಂತರು. ಗಂಡಸರು ರುಮಾಲು ತೆಗೆದರು, ನಾವು ತಲೆಯ ಮೇಲೆ ಸೆರಗು ಎಳೆದುಕೊಂಡೆವು. ಗುಡ್ಡದ ಪೊಟರೆಗಳಿಂದ ಪಾರಿವಾಳಗಳು ಒಮ್ಮೆಲೇ ಎದ್ದವು. ಅವಕ್ಕೆ ನಮಗಿಂತ ಮೊದಲು ಗೊತ್ತಾಗುತ್ತದೆ.

"ಒಬ್ಬ ಭಜಿ ಮಾರಾಂವ ಸತ್ತು ಯಮನ ಮುಂದ ಹೋಗಿ ನಿಂತಾ!"

ಅದೇ ದನಿ. ಎಲೆ ಅಡಿಕೆ ಹಾಕಿಕೊಂಡ ಬಾಯಿಯ ಅದೇ ದುಂಡು ಮಾತು, ಊಟ ಜಾಸ್ತಿಯಾದಾಗಿನ ಅದೇ ಸಣ್ಣ ಏದುಸಿರು. ಗುಡ್ಡದ ಎದೆಯಿಂದ ಹೊರಟು, ಬಯಲಿನ ಮೇಲೆ ಹಾದು, ನಮ್ಮ ಮುಖಕ್ಕೆ ಬಂದು ತಾಗಿತು. ಬದುಕಿದ್ದಾಗ ತಾನು ಮಾಡಿದ ತಮಾಷೆಯನ್ನು ಸತ್ತ ಮೇಲೆ ತಾನೇ ಬಂದು ಹೇಳುತ್ತಿದ್ದಾನೆ. ನನಗೆ ಕೈಮುಗಿಯಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ದತ್ತೋಪಂತ ಮಾಸ್ತರರ ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

"...ಅಲ್ಲೋ, ಹೇಣ್ತಿಗೆ ಹೇಳಿ ಬಂದಿ ಏನು? ಅದಕ್ಕ ಭಜಿಯಾಂವ ಏನಂದಾ?"

ನಿಂತಿತು. ಬಾಣಂತಿಯ ತೊಡೆಯ ಮೇಲಿನ ಕೂಸು ಸಹ ಗುಡ್ಡದ ಕಡೆ ನೋಡುತ್ತಿತ್ತು. ಯಾರೂ ನೀಲವ್ವನನ್ನು ನೋಡಲಿಲ್ಲ, ಆದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದೆವು. ಅವಳು ಬಾಯಿ ಬಿಗಿಹಿಡಿದು ಕುಳಿತಿದ್ದಳು. ಪ್ರಶ್ನೆ ಕೇಳಿ ಮುಗಿಸಿದ ಮನುಷ್ಯ ಉತ್ತರಕ್ಕೆ ಕಾಯುತ್ತ ಅಲ್ಲಿ ಗುಡ್ಡದೊಳಗೆ ನಿಂತಿದ್ದಾನೆ, ಯಾರೂ ನಗುತ್ತಿಲ್ಲ. ಗುರುಪಾದಪ್ಪ ಹೇಳಿ ಮುಗಿಸಿದ ಮೇಲೆ ಯಾರೂ ನಗದೆ ಇದ್ದದ್ದು ಅವನ ಆಯುಷ್ಯದಲ್ಲಿ ಒಂದು ಸಲವೂ ಆಗಿರಲಿಲ್ಲ.

ನೀಲವ್ವ ಎದ್ದಳು. ಕಲ್ಲಿನ ಮೇಲೆ ಹತ್ತಿದಳು. ಮೂವತ್ತು ವರ್ಷದಲ್ಲಿ ಅವಳು ಆ ಕಲ್ಲು ಹತ್ತಿ ನಿಂತು ಕೂಗಿದ್ದು ನಾನು ನೋಡಿಲ್ಲ. ಸೊಂಟಕ್ಕೆ ಕೈಕೊಟ್ಟಳು, ಗಿರಾಕಿಯೊಬ್ಬ ಚಟ್ನಿ ಸರಿಯಿಲ್ಲ ಎಂದರೆ ನಿಲ್ಲುತ್ತಾಳಲ್ಲ, ಹಾಗೆ.

"ಯಮಪ್ಪಾ!" ಎಂದು ಕೂಗಿದಳು. "ಆಂವನ್ನ ಏನ್ ಕೇಳ್ತಿ, ನನ್ನ ಕೇಳ! ಬರ್ತೀನಿ ಅಂತ ಹೇಳೇ ಬಂದಾನ! ಆಂವ ಬರ್ತೀನಿ ಅಂದ್ರ ಎಷ್ಟೊತ್ತಿಗೆ ಬರ್ತಾನ ಅನ್ನೂದು ನನಗ ಗೊತ್ತೈತಿ, ನನ್ನ ಚಿಂತಿ ಬಿಡ! ನಿನ್ನ ಚಿಂತಿ ನೀ ಮಾಡ್ಕೊ! ಈಗ ನಿನ್ನ ಮುಂದ ಕುಂತು ಒಂದ್ ಕತಿ ಚಾಲೂ ಮಾಡ್ತಾನ, ಅರ್ಧಕ್ಕ ನಿಲ್ಲಸ್ತಾನ, ಉಳಿದದ್ದು ಮುಂದಿನ ವರ್ಷ ಅಂತಾನ! ನೀ ಬಾಯಿ ತಕ್ಕೊಂಡು ಕಾಕೋತ ಕುಂದರ್ತಿ! ಒಂದ್ ವರ್ಷ ನಮ್ಮೂರಾಗ ಯಾರೂ ಸಾಯೂದಿಲ್ಲ!"

ಗಂಡನಿಗೆ ಏಕವಚನ! ಕತೆಯೊಳಗಿನ ಭಜಿಯವನಿಗೇ ಅಂದದ್ದಿರಬಹುದು, ಆದರೂ ಹೆಂಗಸರು ಗಲ್ಲಕ್ಕೆ ಬೆರಳಿಟ್ಟರು. ಆಮೇಲೆ ಮಾತಿನ ಅರ್ಥ ನಮ್ಮೊಳಗೆ ಇಳಿಯಿತು. ನಾವು ನಗುವುದಕ್ಕೆ ಬಾಯಿ ತೆರೆದೆವು.

ನಮಗಿಂತ ಮೊದಲು ಗುಡ್ಡ ನಕ್ಕಿತು.

ದೊಡ್ಡ ನಗು, ಹೊಟ್ಟೆಯ ತಳದಿಂದ ಬಂದದ್ದು. ನಡುವೆ ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮಿ ಮತ್ತೆ ನಕ್ಕದ್ದು. ಗುರುಪಾದಪ್ಪನ ನಗು. ನಮ್ಮ ತೆರೆದ ಬಾಯಿಗಳು ತೆರೆದ ಹಾಗೆಯೇ ಉಳಿದವು. ಹೋದ ವರ್ಷ ನಾವು ಕೆಳಗೆ ನಿಂತು ಗದ್ದಲ ಎಬ್ಬಿಸಿದಾಗ ಅವನು ಗುಡ್ಡದ ಕಡೆ ತಿರುಗಿ ಕಲ್ಲಿನ ಮೇಲೆಯೇ ನಿಂತು ನಕ್ಕಿದ್ದಿರಬೇಕು. ನಮ್ಮ ಗದ್ದಲದಲ್ಲಿ ಅದು ನಮಗೆ ಕೇಳಿರಲಿಲ್ಲ. ಗುಡ್ಡಕ್ಕೆ ಕೇಳಿತ್ತು. ನಮ್ಮ ಗದ್ದಲವನ್ನು ಬಿಟ್ಟು, ಅಷ್ಟು ಹೊತ್ತು ಸುಮ್ಮನಿದ್ದು, ಈಗ ಆ ನಗುವನ್ನು ಬಿಟ್ಟಿತ್ತು. ಇದೆಲ್ಲ ನಾನು ಆಮೇಲೆ ಕುಳಿತು ಯೋಚಿಸಿದ್ದು. ಆ ಗಳಿಗೆಯಲ್ಲಿ ನನಗೆ ತಿಳಿದದ್ದು ಒಂದೇ, ಸತ್ತ ಮನುಷ್ಯ ಹೆಂಡತಿಯ ಮಾತು ಕೇಳಿ ನಗುತ್ತಿದ್ದಾನೆ. ಗೌಡರು ನೆಲದ ಮೇಲೆ ಕುಳಿತುಬಿಟ್ಟರು. ನಾಗೇಂದ್ರ ಕಣ್ಣು ಮುಚ್ಚಿ ಕೈಮುಗಿದಿದ್ದ.

ನೀಲವ್ವನ ಮುಖ ನೋಡಿದೆ. ತುಟಿಯ ಕೊನೆ ನಡುಗುತ್ತಿತ್ತು, ಗಲ್ಲ ಉಬ್ಬುತ್ತಿತ್ತು. ಇವಳು ನಗುತ್ತಾಳೆ ಎಂದು ನನಗೆ ಗೊತ್ತಾಯಿತು. ನಕ್ಕರೆ ಅದೇ ಓಗೊಟ್ಟ ಹಾಗೆ, ಇದೂ ಮುಗಿಯುತ್ತದೆ, ಇನ್ನು ಅವನದು ಗುಡ್ಡದಲ್ಲಿ ಏನೂ ಉಳಿಯುವುದಿಲ್ಲ. ನಾನು ಕಲ್ಲಿನ ಮೇಲೆ ಹಾರಿ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

"ನಗಬ್ಯಾಡ ನೀಲವ್ವ, ನಿನ್ನ ಕಾಲ ಬೀಳ್ತೀನಿ. ಇದೊಂದರ ಇಟ್ಕೊ. ವರ್ಷಾ ವರ್ಷಾ ಬರ್ತೈತಿ."

ಅವಳು ಮೆಲ್ಲಗೆ ನನ್ನ ಕೈಯನ್ನು ಹಿಡಿದು ಸರಿಸಿದಳು.

"ಮೂವತ್ತೊಂದು ವರ್ಷದಾಗ ನನ್ನ ಮಾತಿಗೆ ಇವತ್ತ ಮೊದಲನೇ ಸಲ ನಕ್ಕಾರ ಸಕೂ," ಎಂದಳು. "ಅವರೊಬ್ಬರನ್ನ ನಗಾಕ ಬಿಟ್ಟು ನಾ ಹೆಂಗ ಸುಮ್ಮನ ನಿಂದರ್ಲಿ?"

ಗುಡ್ಡದ ನಗು ಇನ್ನೂ ಮುಗಿದಿರಲಿಲ್ಲ. ನೀಲವ್ವ ಅದರ ಕಡೆ ಮುಖ ಮಾಡಿ ನಿಂತು, ಊರೆಲ್ಲ ನೋಡುತ್ತಿದ್ದಂತೆ, ಬಾಯ್ತುಂಬ ನಕ್ಕಳು.